ಕೆನೆ ಇಳಿಸಿದರೂ ರುಚಿ ಇಳಿಯದ ಎಂಚಿಲಾಡ

ಕೇಳುಗರಿಗೆ ನಮಸ್ಕಾರ.

ಅಂಗಡಿಯಲ್ಲಿ ಸಿಗುವ 200 ಮಿಲಿಲೀಟರಿನ ಕ್ರೀಮ್ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಎಂದಾದರೂ ಓದಿದ್ದೀರಾ? ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ 25 ಪಾಲು ಕೊಬ್ಬು ಇರುತ್ತದೆ. ಒಂದು ಪೊಟ್ಟಣ ಸುರಿದರೆ 50 ಗ್ರಾಂ ಕೊಬ್ಬು ಸುರಿದ ಹಾಗೆ. ಜೊತೆಗೆ 50 ಗ್ರಾಂ ಬೆಣ್ಣೆ ಹಾಕಿದರೆ ಇನ್ನೊಂದು 40 ಗ್ರಾಂ. ಕೊನೆಯಲ್ಲಿ ಕೈತುಂಬ ಉದುರಿಸುವ 200 ಗ್ರಾಂ ಚೀಸ್‌ನಿಂದ ಮತ್ತೆ 50 ಗ್ರಾಂ. ಒಟ್ಟು 140 ಗ್ರಾಂ. ನಾಲ್ಕು ಜನ ಕುಳಿತು ಉಂಡರೆ ತಲೆಗೆ 35 ಗ್ರಾಂ, ಅದೂ ಒಂದೇ ಹೊತ್ತಿನ ಊಟದಲ್ಲಿ. ರೊಟ್ಟಿ ಕರಿದ ಎಣ್ಣೆಯನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಆ ಊಟದ ಹೆಸರು ಕ್ರೀಮಿ ಚಿಕನ್ ಎಂಚಿಲಾಡ: ಮೆಣಸಿನಕಾಯಿ ಗೊಜ್ಜಿನಲ್ಲಿ ಅದ್ದಿದ ರೊಟ್ಟಿಯಲ್ಲಿ ಕೋಳಿ ಸುತ್ತಿ, ಮೇಲೆ ಕೆನೆಯ ಸಾಸ್, ಚೀಸ್ ಹಾಕಿದ ಸುರುಳಿ. ಮೆಕ್ಸಿಕೊ ದೇಶದ ತಿಂಡಿ ಎಂದು ಹೋಟೆಲುಗಳ ಪಟ್ಟಿಯಲ್ಲಿ ಬರೆದಿರುತ್ತಾರೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಓದುವ, ಕೆಲಸ ಮಾಡುವ ಮಕ್ಕಳು ಅಲ್ಲಿ ಅದನ್ನು ತಿಂದು ಬಂದು, ರಾಯಚೂರಿನ ಮನೆಯಲ್ಲಿ ಅಮ್ಮನನ್ನೋ ಅತ್ತಿಗೆಯನ್ನೋ ಕೇಳುತ್ತಾರೆ: ಇದನ್ನು ನಮ್ಮಲ್ಲೂ ಮಾಡಬಹುದಲ್ಲ? ಮಾಡಬಹುದು, ಖಂಡಿತ ಮಾಡಬಹುದು. ಹೇಗೆ ಮಾಡಿದರೆ ತಿಂದ ಮೇಲೆ ಮಧ್ಯಾಹ್ನವಿಡೀ ಹೊಟ್ಟೆ ಹಿಡಿದುಕೊಂಡು ಮಲಗುವ ಪ್ರಸಂಗ ಬರುವುದಿಲ್ಲ ಎಂಬುದೇ ಇಂದಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಬೆಣ್ಣೆ, ಕ್ರೀಮ್‌ಗಳ ಊಟ ಎಷ್ಟು ಭಾರವೆಂದು ನಿಮಗೆ ಹೇಳಿಕೊಡಬೇಕಿಲ್ಲ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಕ್ರೀಮ್ ಮತ್ತು ಚೀಸ್ ಇಲ್ಲದಿದ್ದರೆ ಅದು ಎಂಚಿಲಾಡವೇ ಅಲ್ಲ ಎಂದು ಹಲವರು ನಂಬಿದ್ದಾರೆ. ವಾಸ್ತವ ತಲೆಕೆಳಗು. ಸ್ಪೇನ್ ದೇಶದವರು ಹಡಗು ಹತ್ತಿ ಮೆಕ್ಸಿಕೊವನ್ನು ಗೆಲ್ಲಲು ಹೋದದ್ದು 1519ರಲ್ಲಿ. ಅದಕ್ಕೆ ಮೊದಲು ಅಲ್ಲಿ ಹಸುವೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ಹಾಲೇ ಇಲ್ಲದ ಮೇಲೆ ಬೆಣ್ಣೆ, ಚೀಸ್ ಎಲ್ಲಿಂದ ಬರಬೇಕು? ನಮ್ಮ ಕೋಳಿ ಕೂಡ ಆ ಹಡಗುಗಳಲ್ಲೇ ಅಲ್ಲಿಗೆ ಹೋದದ್ದು; ಅಲ್ಲಿಯವರು ಸಾಕುತ್ತಿದ್ದದ್ದು ಟರ್ಕಿ ಕೋಳಿಯನ್ನು. ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮೆಣಸಿನಕಾಯಿಯ ಗೊಜ್ಜಿನಲ್ಲಿ ಅದ್ದಿ, ಒಳಗೆ ಏನನ್ನಾದರೂ ಇಟ್ಟು ತಿನ್ನುವುದು ಅಲ್ಲಿನ ಹಳೆಯ ರೂಢಿ. 1831ರಲ್ಲಿ ಮೆಕ್ಸಿಕೊದಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲೂ ಎಂಚಿಲಾಡ ಇದೆ. ಕೆನೆ ಸುರಿಯುವುದು ಆಮೇಲೆ ಬಂದ ಶೋಕಿ. ಇನ್ನೂ ಮುಂದೆ ಅಮೆರಿಕದ ಅಡುಗೆಮನೆಗಳಲ್ಲಿ ಡಬ್ಬಿಯಲ್ಲಿ ಬರುವ ಕ್ರೀಮ್ ಸೂಪನ್ನೇ ಅದರ ಮೇಲೆ ಸುರಿಯುವ ಪದ್ಧತಿ ಬಂತು. ಕೊಬ್ಬಿನ ಜೊತೆಗೆ ಉಪ್ಪೂ ಹೆಚ್ಚಾಯಿತು. ಆದ್ದರಿಂದ ಕೆನೆ ಕಡಿಮೆ ಮಾಡಿದರೆ ನೀವು ಯಾರ ಸಂಪ್ರದಾಯವನ್ನೂ ಕೆಡಿಸಿದ ಹಾಗಾಗುವುದಿಲ್ಲ. ಕಡಿಮೆ ಮಾಡಬಾರದ ಪದಾರ್ಥ ಒಂದೇ, ಮೆಣಸಿನಕಾಯಿ.

ಮೆಣಸಿನಕಾಯಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತುಂಗಭದ್ರೆ, ಕೃಷ್ಣೆಯರ ನೀರಾವರಿಯ ಕರಿಮಣ್ಣಿನಲ್ಲಿ ರಾಯಚೂರು, ಬಳ್ಳಾರಿ ಜಿಲ್ಲೆಗಳ ರೈತರು ಮೆಣಸಿನಕಾಯಿ ಬೆಳೆದು, ಚೀಲ ಕಟ್ಟಿ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. ಮೆಕ್ಸಿಕೊದವರು ಈ ಗೊಜ್ಜಿಗೆ ಬಳಸುವ ಒಣಮೆಣಸಿನಕಾಯಿಗಳಲ್ಲಿ ಖಾರ ಮಿತವಾಗಿರುತ್ತದೆ, ಬಣ್ಣ ಗಾಢವಾಗಿರುತ್ತದೆ. ಈ ಎರಡೂ ಗುಣ ನಮ್ಮ ಬ್ಯಾಡಗಿ ಕಾಯಿಯಲ್ಲಿ ಇವೆ. ಗುಂಟೂರು ಕಾಯಿ ಬೇಡ. ಬಣ್ಣ ಬರುವಷ್ಟು ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ, ಬಾಯಿಗೆ ಇಡುವಷ್ಟು ಹಾಕಿದರೆ ಬಣ್ಣ ಬರುವುದಿಲ್ಲ.

ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ. ನಾಲ್ಕು ಜನರಿಗೆ, ಎಂಟು ಸುರುಳಿಗೆ ಅಳತೆ ಹೇಳುತ್ತೇನೆ.

ಕೆಂಪು ಗೊಜ್ಜಿಗೆ ಎಂಟು ಬ್ಯಾಡಗಿ ಮೆಣಸಿನಕಾಯಿ. ತೊಟ್ಟು, ಬೀಜ ತೆಗೆಯಿರಿ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಬಿಸಿ ಮಾಡಿ. ಕಪ್ಪಾದರೆ ಗೊಜ್ಜು ಕಹಿಯಾಗುತ್ತದೆ, ಆಮೇಲೆ ಎಷ್ಟು ಬೆಲ್ಲ ಹಾಕಿದರೂ ಆ ಕಹಿ ಹೋಗುವುದಿಲ್ಲ. ಬಿಸಿನೀರಿನಲ್ಲಿ 20 ನಿಮಿಷ ನೆನೆಸಿಡಿ. ಅದೇ ಹಂಚಿನ ಮೇಲೆ ಎರಡು ಟೊಮೆಟೊಗಳನ್ನು ಸಿಪ್ಪೆ ಸುಡುವವರೆಗೆ ಉರುಳಿಸಿ. ಮೆಣಸಿನಕಾಯಿ, ಟೊಮೆಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಒಂದು ಚಿಟಿಕೆ ಅಜವಾನ ಇಷ್ಟನ್ನು ನುಣ್ಣಗೆ ರುಬ್ಬಿ. ಒರೆಗಾನೊ ಸೊಪ್ಪಿನ ಪುಡಿ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ ಅಜವಾನ ಹೆಚ್ಚು ಕಡಿಮೆ ಅದೇ ಕಡೆಯ ಪರಿಮಳ ಕೊಡುತ್ತದೆ. ಚಿಟಿಕೆ ಎಂದರೆ ಚಿಟಿಕೆಯೇ, ಹೆಚ್ಚಾದರೆ ಮನೆಯವರು ಯಾರಿಗೆ ಹೊಟ್ಟೆನೋವು ಎಂದು ಕೇಳುತ್ತಾರೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಈ ಗೊಜ್ಜನ್ನು ಹಸಿ ವಾಸನೆ ಹೋಗುವವರೆಗೆ ಕುದಿಸಿ. ಈ ಎಣ್ಣೆಯಲ್ಲಿ ಮಾತ್ರ ಜಿಪುಣತನ ಬೇಡ. ಮೆಣಸಿನಕಾಯಿಯ ಬಣ್ಣ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಬಿಡುತ್ತದೆ. ಉಳಿಸಬೇಕಾದ ಕೊಬ್ಬು ಬೇರೆ ಕಡೆ ಬೇಕಾದಷ್ಟಿದೆ.

ಇನ್ನು ಕೋಳಿ. ಚರ್ಮ ತೆಗೆದ ಎದೆಭಾಗ 400 ಗ್ರಾಂ. ನಮ್ಮಲ್ಲಿ ಬಹಳ ಜನಕ್ಕೆ ಎದೆಭಾಗ ಇಷ್ಟವಾಗುವುದಿಲ್ಲ, ನಾರಿನ ಹಾಗೆ ಒಣಗಿರುತ್ತದೆ ಎನ್ನುತ್ತಾರೆ. ಒಣಗುವುದು ಮಾಂಸದ ದೋಷವಲ್ಲ, ದೊಡ್ಡ ಉರಿಯ ದೋಷ. ಮಾಂಸವನ್ನು ತಣ್ಣೀರಿನಲ್ಲೇ ಇಟ್ಟು, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ನಾಲ್ಕು ಕಾಳುಮೆಣಸು, ಸ್ವಲ್ಪ ಉಪ್ಪು ಹಾಕಿ ಒಲೆಯ ಮೇಲಿಡಿ. ನೀರು ಕೊತಕೊತ ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ತುಂಡಿನ ದಪ್ಪ ನೋಡಿಕೊಂಡು 12ರಿಂದ 15 ನಿಮಿಷ ಬೇಯಿಸಿ. ದಪ್ಪನೆಯ ಜಾಗವನ್ನು ಕೊಯ್ದು ನೋಡಿ; ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು, ಒಸರುವ ನೀರು ತಿಳಿಯಾಗಿರಬೇಕು. ಅಡುಗೆಯ ಥರ್ಮಾಮೀಟರ್ ಇಟ್ಟುಕೊಂಡವರು 74 ಡಿಗ್ರಿ ನೋಡಿಕೊಳ್ಳಿ. ಬೆಂದ ಮೇಲೆ ಹತ್ತು ನಿಮಿಷ ಅದೇ ನೀರಿನಲ್ಲಿ ಬಿಡಿ. ಆಮೇಲೆ ಕೈಯಿಂದ ಎಳೆಎಳೆಯಾಗಿ ಬಿಡಿಸಿ. ಬೇಯಿಸಿದ ನೀರನ್ನು ಚೆಲ್ಲಿದವರು ಅರ್ಧ ರುಚಿಯನ್ನು ಮೋರಿಗೆ ಚೆಲ್ಲಿದ ಹಾಗೆ. ಸೋಸಿ ಇಟ್ಟುಕೊಳ್ಳಿ, ಅದರ ಕೆಲಸ ಈಗ ಬರುತ್ತದೆ.

ಜವಾರಿ ಕೋಳಿಯೇ ಬೇಕು ಎನ್ನುವವರಿಗೂ ಅಡ್ಡಿಯಿಲ್ಲ. ಅದು ಈ ರೀತಿ ಕಾಲು ಗಂಟೆಯಲ್ಲಿ ಬೇಯುವುದಿಲ್ಲ, ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಬೇಕು. ನೀರಿನ ಮೇಲೆ ತೇಲುವ ಹಳದಿ ಜಿಡ್ಡನ್ನು ಸೌಟಿನಿಂದ ತೆಗೆದುಬಿಡಿ. ನನ್ನನ್ನು ಕೇಳಿದರೆ, ಜವಾರಿ ಕೋಳಿಗೆ ಮಸಾಲೆ ಸಾರು ಮತ್ತು ಬಿಸಿ ರೊಟ್ಟಿಗಿಂತ ದೊಡ್ಡ ಗೌರವ ಇನ್ನೊಂದಿಲ್ಲ. ಎಂಚಿಲಾಡಕ್ಕೆ ಫಾರಂ ಕೋಳಿ ಸಾಕು.

ಈಗ ಮುಖ್ಯ ಭಾಗಕ್ಕೆ ಬರೋಣ. ಕ್ರೀಮ್ ಇಲ್ಲದೆ ಕೆನೆಯಂಥ ಸಾಸ್ ಮಾಡುವುದು ಹೇಗೆ?

ನಾಲಿಗೆಗೆ ಕೆನೆ ಎನಿಸುವುದು ಎರಡು ಕಾರಣಕ್ಕೆ. ಒಂದು, ದ್ರವ ದಪ್ಪಗಿದ್ದು ನುಣುಪಾಗಿ ಹರಡಬೇಕು. ಎರಡು, ಹಾಲಿನ ಸವಿಯ ಜೊತೆಗೆ ಸಣ್ಣ ಹುಳಿ ಇರಬೇಕು. ದಪ್ಪವನ್ನು ಪಿಷ್ಟ ಕೊಡಬಲ್ಲದು, ಹುಳಿಯನ್ನು ಮೊಸರು ಕೊಡಬಲ್ಲದು. ಇವೆರಡಕ್ಕೂ ಕ್ರೀಮ್ ಅನಿವಾರ್ಯವಲ್ಲ. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3 ಪಾಲು ಮಾತ್ರ. ಬಾನುಲಿಯಲ್ಲಿ ಕಂಪನಿಯ ಹೆಸರು ಹೇಳುವುದು ಸರಿಯಲ್ಲ; ನೀಲಿ ಪೊಟ್ಟಣ ಎಂದರೆ ನಿಮಗೆ ಅರ್ಥವಾಗುತ್ತದೆ.

300 ಮಿಲಿಲೀಟರ್ ತಣ್ಣನೆಯ ಹಾಲು, 200 ಮಿಲಿಲೀಟರ್ ಕೋಳಿ ಬೇಯಿಸಿದ ನೀರು. ಹಾಲು ತಣ್ಣಗಿರುವಾಗಲೇ ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ಅದರಲ್ಲಿ ಗಂಟಿಲ್ಲದಂತೆ ಕದಡಿ. ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ಬಾಡಿಸಿ, ಕೋಳಿಯ ನೀರು ಹಾಕಿ, ಅದು ಕುದಿ ಬಂದಾಗ ಹಾಲನ್ನು ಸುರಿಯುತ್ತಾ ಕೈಬಿಡದೆ ತಿರುವಿ. ದಪ್ಪಗಾದ ಮೇಲೆ ಇನ್ನೆರಡು ನಿಮಿಷ ಕುದಿಸಿ. ಇಲ್ಲದಿದ್ದರೆ ಹಿಟ್ಟಿನ ಹಸಿ ರುಚಿ ಉಳಿಯುತ್ತದೆ. ಒಲೆ ಆರಿಸಿ.

ಮೊಸರನ್ನು ಹಿಂದಿನ ರಾತ್ರಿಯೇ ಸಿದ್ಧ ಮಾಡಿಕೊಂಡಿರಬೇಕು. ಅರ್ಧ ಲೀಟರ್ ಟೋನ್ಡ್ ಹಾಲಿಗೆ ಹೆಪ್ಪು ಹಾಕಿ, ಶ್ರೀಖಂಡಕ್ಕೆ ಕಟ್ಟುವಂತೆ ತೆಳುಬಟ್ಟೆಯಲ್ಲಿ ಕಟ್ಟಿ ನೀರು ಬಸಿಯಿರಿ. ಕಟ್ಟುವುದು ಫ್ರಿಜ್ಜಿನ ಒಳಗೇ ಆಗಲಿ. ನಮ್ಮ ಬೇಸಿಗೆಯಲ್ಲಿ ಹೊರಗೆ ನೇತುಹಾಕಿದ ಮೊಸರು ಬೆಳಗಾಗುವುದರೊಳಗೆ ಹಲ್ಲು ಚುಳ್ ಎನ್ನುವಷ್ಟು ಹುಳಿಯಾಗಿರುತ್ತದೆ. ಹುಳಿ ಹೆಚ್ಚಿದಷ್ಟೂ ಬಿಸಿಗೆ ಮೊಸರು ಬೇಗ ಒಡೆಯುತ್ತದೆ. ಹುಳಿ ಮತ್ತು ಶಾಖ ಒಟ್ಟಿಗೆ ಬಿದ್ದಾಗ ಹಾಲಿನ ಪ್ರೋಟೀನು ಬಿಗಿದುಕೊಂಡು ಗಂಟಾಗುತ್ತದೆ, ನೀರು ಬೇರೆಯಾಗುತ್ತದೆ. ಕ್ರೀಮ್ ಹೀಗೆ ಸುಲಭವಾಗಿ ಒಡೆಯುವುದಿಲ್ಲ, ಅದರ ಅಪಾರ ಕೊಬ್ಬೇ ಅದನ್ನು ಕಾಯುತ್ತದೆ. ಹೋಟೆಲಿನವರು ಕ್ರೀಮನ್ನು ನೆಚ್ಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಆದರೆ ಮೊಸರನ್ನು ಒಡೆಯದಂತೆ ಕುದಿಸುವುದು ನಮಗೆ ಹೊಸ ವಿದ್ಯೆಯೇ? ಮಜ್ಜಿಗೆ ಸಾರಿಗೆ ಕಡಲೆಹಿಟ್ಟು ಕದಡುವುದು ಏತಕ್ಕೆ? ಆ ಹಿಟ್ಟಿನ ಪಿಷ್ಟ ಪ್ರೋಟೀನಿನ ಕಣಗಳ ನಡುವೆ ನಿಂತು, ಅವು ಒಂದಕ್ಕೊಂದು ಅಂಟಿ ಗಂಟಾಗುವುದನ್ನು ತಡೆಯುತ್ತದೆ. ಇಲ್ಲಿಯೂ ಅದೇ ಉಪಾಯ. ಬಸಿದ ಮೊಸರಿಗೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ಸೇರಿಸಿ ಚೆನ್ನಾಗಿ ಕಡೆಯಿರಿ. ಒಂದು ಸೌಟು ಬಿಸಿ ಸಾಸನ್ನು ಮೊದಲು ಮೊಸರಿಗೆ ಹಾಕಿ ಕಲಸಿ, ಆಮೇಲೆ ಆ ಮೊಸರನ್ನು ಪಾತ್ರೆಗೆ ಸೇರಿಸಿ. ಉಪ್ಪು ಕೊನೆಗೆ, ಅದೂ ಕಡಿಮೆ, ಏಕೆಂದರೆ ಚೀಸ್‌ನಲ್ಲಿ ಉಪ್ಪು ಬೇಕಾದಷ್ಟಿದೆ. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ ಎರಡನ್ನೂ ಬಿಡದ ನಮಗೆ ಅದು ಮೊದಲೇ ಕಷ್ಟದ ಗಡಿ. ಕೊನೆಯಲ್ಲಿ ಎರಡು ಚಮಚ ಕೆಂಪು ಗೊಜ್ಜನ್ನು ಈ ಬಿಳಿ ಸಾಸಿಗೆ ಬೆರೆಸಿ. ಬಣ್ಣ ತಿರುಗುತ್ತದೆ, ಹಾಲಿನ ಸಪ್ಪೆತನವೂ ಹೋಗುತ್ತದೆ.

ಚೀಸ್ 60 ಗ್ರಾಂ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ, ಗಟ್ಟಿಯಾಗಿರುವಾಗಲೇ, ಅತಿ ಸಣ್ಣ ರಂಧ್ರದಲ್ಲಿ ತುರಿಯಿರಿ. ಸಣ್ಣ ತುರಿ ಕಡಿಮೆ ಇದ್ದರೂ ಎಲ್ಲ ಕಡೆ ಹರಡುತ್ತದೆ. ಚೀಸ್ ಬೇಡ, ಪನೀರ್ ಹಾಕಿದರೆ ಹಗುರವಾಗುತ್ತದೆ ಎನ್ನುವವರಿಗೆ ಒಂದು ಮಾತು: ಮಾಮೂಲಿ ಪನೀರಿನಲ್ಲೂ ನೂರಕ್ಕೆ 20ಕ್ಕೂ ಮೇಲ್ಪಟ್ಟು ಕೊಬ್ಬು ಇರುತ್ತದೆ. ಬಿಳಿಯ ಬಣ್ಣ ನೋಡಿ ಮೋಸ ಹೋಗಬೇಡಿ.

ಲೆಕ್ಕ ಮತ್ತೆ ಹಾಕೋಣ. ಹಾಲಿನಿಂದ 9 ಗ್ರಾಂ, ಮೊಸರಿನಿಂದ 15, ಚೀಸ್‌ನಿಂದ 15, ಎಣ್ಣೆ ಎಲ್ಲ ಸೇರಿ 20. ಒಟ್ಟು 59 ಗ್ರಾಂ. ನಾಲ್ವರಿಗೆ ಹಂಚಿದರೆ ತಲೆಗೆ 15ಕ್ಕೂ ಕಡಿಮೆ. ಮೊದಲು 35 ಇತ್ತು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ ಎಂದು ಹಿಡಿದರೆ ಒಬ್ಬೊಬ್ಬರಿಗೆ ಸುಮಾರು 180 ಕ್ಯಾಲೊರಿ ಉಳಿಯಿತು. ಹಾಗೆಂದು ಇದು ಪಥ್ಯದ ಊಟ ಎಂದುಕೊಳ್ಳಬೇಡಿ. ಎರಡು ಸುರುಳಿ ತಿಂದರೆ ಪೂರ್ತಿ ಒಂದು ಊಟವಾಯಿತು. ಅದರ ಮೇಲೆ ಅನ್ನ, ಸಾರು ಬೇಡ. ಸಕ್ಕರೆ ಕಾಯಿಲೆ ಇರುವವರು ರೊಟ್ಟಿಯ ಜೊತೆಗೆ ಕಾರ್ನ್‌ಫ್ಲೋರನ್ನೂ ತಮ್ಮ ಹಿಟ್ಟಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ರೊಟ್ಟಿಯ ಪ್ರಶ್ನೆ ಬಂದಾಗ ನಮ್ಮ ಭಾಗದ ಹೆಣ್ಣುಮಕ್ಕಳು ಮೊದಲು ಕೇಳುವುದು, ಜೋಳದ ರೊಟ್ಟಿ ಆಗುತ್ತದೆಯೇ ಎಂದು. ಕಟಕ್ ರೊಟ್ಟಿಯನ್ನಂತೂ ಸುತ್ತಲು ಆಗುವುದಿಲ್ಲ. ಬಿಸಿ ರೊಟ್ಟಿ ಮಡಚಿಕೊಳ್ಳುತ್ತದೆ, ಆದರೆ ಗೊಜ್ಜಿನಲ್ಲಿ ಅದ್ದಿದ ಕೂಡಲೇ ಹರಿಯುತ್ತದೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಮೆಕ್ಸಿಕೊದ ಮೆಕ್ಕೆಜೋಳದಲ್ಲೂ ಆ ಅಂಟು ಇಲ್ಲ. ಹಾಗಾದರೆ ಅವರ ರೊಟ್ಟಿ ಹೇಗೆ ಹರಿಯುವುದಿಲ್ಲ? ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಆಮೇಲೆ ರುಬ್ಬುತ್ತಾರೆ. ಸುಣ್ಣದಿಂದ ಕಾಳಿನ ಸಿಪ್ಪೆ ಸಡಿಲವಾಗುತ್ತದೆ, ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಇನ್ನೂ ದೊಡ್ಡ ಲಾಭವೆಂದರೆ, ಮೆಕ್ಕೆಜೋಳದಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುವಂತಾಗುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ಸುಣ್ಣದ ಕ್ರಮವನ್ನು ಅಲ್ಲೇ ಬಿಟ್ಟರು. ಮೆಕ್ಕೆಜೋಳವನ್ನೇ ನೆಚ್ಚಿಕೊಂಡಿದ್ದ ಸ್ಪೇನ್, ಇಟಲಿಯ ಬಡವರಲ್ಲಿ ಚರ್ಮ ಒರಟಾಗಿ, ಭೇದಿ ಹಿಡಿದು, ಬುದ್ಧಿ ಕೆಡುವ ಪೆಲ್ಲಾಗ್ರ ರೋಗ ಕಾಣಿಸಿಕೊಂಡಿತು.

ಈ ರೋಗದ ಕಥೆಗೆ ನಮ್ಮ ಸೀಮೆಯ ನಂಟೂ ಇದೆ. ದಖನ್ ಪ್ರಸ್ಥಭೂಮಿಯಲ್ಲಿ ನಮ್ಮ ಬಿಳಿಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಲ್ಲೂ ಪೆಲ್ಲಾಗ್ರ ಕಂಡುಬಂದಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಗೋಪಾಲನ್ ಮತ್ತು ಶ್ರೀಕಾಂತಯ್ಯ ಅವರು 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಾಗಿರಬಹುದೆಂದು ಬರೆದರು. ಬೇಳೆ, ಕಾಳು, ಸೊಪ್ಪು, ಮೊಸರು ಜೊತೆಗಿರುವ ಊಟಕ್ಕೆ ಆ ಭಯವಿಲ್ಲ. ಆದ್ದರಿಂದ ನಾಳೆಯಿಂದ ರೊಟ್ಟಿ ಬಿಡುತ್ತೇವೆ ಎಂದು ಯಾರೂ ಹೊರಡಬೇಡಿ. ಹಾಗೆಯೇ ಗೋಡೆಗೆ ಬಳಿಯುವ ಸುಣ್ಣ ತಂದು ಮೆಕ್ಕೆಜೋಳ ಬೇಯಿಸುವ ಪ್ರಯೋಗವೂ ಬೇಡ.

ನಮಗೆ ಸುಲಭದ ದಾರಿ ಇದು. ಒಂದು ಬಟ್ಟಲು ಮೆಕ್ಕೆಜೋಳದ ಹಿಟ್ಟಿಗೆ ಜೋಳದ ರೊಟ್ಟಿಗೆ ಮಾಡುವಂತೆ ಕುದಿಯುವ ಎಸರು ಹಾಕಿ ಮುಚ್ಚಿಡಿ. ಸ್ವಲ್ಪ ಆರಿದ ಮೇಲೆ ಒಂದು ಬಟ್ಟಲು ಗೋಧಿಹಿಟ್ಟು ಸೇರಿಸಿ ನಾದಿ. ಎಂಟು ಉಂಡೆ ಮಾಡಿ, ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ ಲಟ್ಟಿಸಿ, ಎಣ್ಣೆಯಿಲ್ಲದೆ ಹಂಚಿನ ಮೇಲೆ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಡಿ. ಒಳಗಿನ ಹಬೆಗೆ ಮೆತ್ತಗಾಗುತ್ತವೆ. ಕೊಪ್ಪಳ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಬಹಳ ಬೆಳೆಯುತ್ತದೆ, ಅದರಲ್ಲಿ ದೊಡ್ಡ ಪಾಲು ಕೋಳಿಯ ಮೇವಿಗೆ ಹೋಗುತ್ತದೆ. ಅದೇ ಜೋಳ ತಿಂದ ಕೋಳಿಯನ್ನು ಅದೇ ಜೋಳದ ರೊಟ್ಟಿಯಲ್ಲಿ ಸುತ್ತುತ್ತಿದ್ದೇವೆ!

ಬಿಳಿಜೋಳದ ರೊಟ್ಟಿಯನ್ನೇ ಬಳಸುತ್ತೇನೆ ಎಂಬ ಹಟವಿದ್ದರೆ ಸುತ್ತಬೇಡಿ, ಒಂದರ ಮೇಲೊಂದು ಪದರವಾಗಿ ಇಡಿ. ಅಮೆರಿಕದ ನ್ಯೂ ಮೆಕ್ಸಿಕೊ ಕಡೆ ಎಂಚಿಲಾಡವನ್ನು ಹೀಗೆ ಪೇರಿಸಿ ಮಾಡುವ ರೂಢಿಯೇ ಇದೆ.

ಹೂರಣದಲ್ಲಿ ಹೆಚ್ಚಿನ ಗುಟ್ಟಿಲ್ಲ. ಒಂದು ಈರುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಒಂದು ಹಿಡಿ ಪಾಲಕ್ ಸೊಪ್ಪನ್ನು ಹೆಚ್ಚಿ ಬಾಡಿಸಿ, ಅರ್ಧ ಬಟ್ಟಲು ಬೇಯಿಸಿದ ಅಲಸಂದಿ ಮತ್ತು ಬಿಡಿಸಿದ ಕೋಳಿಯನ್ನು ಸೇರಿಸಿ, ನಾಲ್ಕು ಚಮಚ ಬಿಳಿ ಸಾಸ್ ಹಾಕಿ ಕಲಸಿ. ಅಲಸಂದಿ ಹಾಕುವುದರಿಂದ ಕಡಿಮೆ ಮಾಂಸದಲ್ಲೇ ಹೊಟ್ಟೆ ತುಂಬುತ್ತದೆ. ಶ್ರಾವಣದಲ್ಲಿ, ಸೋಮವಾರಗಳಲ್ಲಿ ಮಾಂಸ ಮುಟ್ಟದವರು ಕೋಳಿಯ ಬದಲು ಅಲಸಂದಿಯನ್ನೇ ಹೆಚ್ಚಿಸಿ, ಸಾಸಿಗೆ ಕೋಳಿಯ ನೀರಿನ ಬದಲು ಕಾಳು ಬೇಯಿಸಿದ ಕಟ್ಟನ್ನು ಬಳಸಿ.

ರೊಟ್ಟಿಯನ್ನು ಬೆಚ್ಚಗಿನ ಕೆಂಪು ಗೊಜ್ಜಿನಲ್ಲಿ ಎರಡೂ ಬದಿ ಅದ್ದಿ, ತಟ್ಟೆಗೆ ತೆಗೆದು, ಹೂರಣ ಇಟ್ಟು ಸುತ್ತಿ, ತುದಿ ಕೆಳಗೆ ಬರುವಂತೆ ಜೋಡಿಸಿ. ಹೋಟೆಲುಗಳಲ್ಲಿ ಅದ್ದುವ ಮೊದಲು ರೊಟ್ಟಿಯನ್ನು ಎಣ್ಣೆಯಲ್ಲಿ ತೇಲಿಸಿ ತೆಗೆಯುತ್ತಾರೆ, ಬೇಗ ನೆನೆಯದಿರಲಿ ಎಂದು. ನಾವು ಒಣ ಹಂಚಿನ ಮೇಲೆ ಇನ್ನೊಮ್ಮೆ ಕಾಯಿಸಿದರೆ ಸಾಕು. ಮೇಲೆ ಬಿಳಿ ಸಾಸ್ ಹರಡಿ, ಚೀಸ್ ತುರಿ ಉದುರಿಸಿ. ಓವನ್ ಇದ್ದವರು 200 ಡಿಗ್ರಿಯಲ್ಲಿ ಕಾಲು ಗಂಟೆ ಇಡಿ. ಇಲ್ಲದವರು ಕಾದ ಹಂಚಿನ ಮೇಲೆ ಅಗಲ ತಳದ ದಪ್ಪ ಪಾತ್ರೆಯನ್ನಿಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು, ಹನ್ನೆರಡು ನಿಮಿಷ ಬಿಡಿ. ಚೀಸ್ ಕರಗುತ್ತದೆ. ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗುವುದಿಲ್ಲ, ಅದು ಒಂದು ಕೊರತೆಯೇ ಸರಿ. ಆದರೆ ಅದಕ್ಕಾಗಿ ಓವನ್ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪಕ್ಕದಲ್ಲಿ ಹಸಿ ಈರುಳ್ಳಿ, ಮೂಲಂಗಿ, ಸೌತೆಕಾಯಿ, ಮೇಲೆ ಹಿಂಡಲು ನಿಂಬೆಹಣ್ಣು. ಮೆಕ್ಸಿಕೊದವರೂ ಈರುಳ್ಳಿ, ಮೂಲಂಗಿ ಇಟ್ಟುಕೊಂಡೇ ತಿನ್ನುತ್ತಾರೆ. ಹಸಿ ಮೆಂತ್ಯಸೊಪ್ಪು ಮಾತ್ರ ನಮ್ಮದು, ಅದನ್ನೂ ಇಡಿ.

ಉಳಿದರೆ ಏನು ಮಾಡಬೇಕು? ಕೋಳಿ, ಹಾಲು, ಮೊಸರು ಮೂರೂ ಇರುವ ಪದಾರ್ಥ ಇದು. ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ, ಫ್ರಿಜ್ಜಿಗೆ ಸೇರಿಸಿ. ಮರುದಿನ ಒಳಗಿನವರೆಗೂ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಿ, ಮೂರನೆಯ ಸಲ ಬಿಸಿ ಮಾಡಬೇಡಿ. ಹಸಿ ಕೋಳಿ ಕೊಯ್ದ ಮಣೆಯ ಮೇಲೆ ಕೊತ್ತಂಬರಿ ಹೆಚ್ಚುವ ಅಭ್ಯಾಸವಿದ್ದರೆ ಬಿಡಿ. ಕೆಂಪು ಗೊಜ್ಜು ಮಾತ್ರ ಬೇರೆ ಉಳಿದಿದ್ದರೆ ಚಿಂತೆಯಿಲ್ಲ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಬೆಳಿಗ್ಗೆ ಅದರಲ್ಲಿ ಎರಡು ಮೊಟ್ಟೆ ಒಡೆದು ಹಾಕಿ, ಮುಚ್ಚಿ ಬೇಯಿಸಿ, ಬಿಸಿ ರೊಟ್ಟಿಯ ಜೊತೆ ತಿನ್ನಬಹುದು.

ನಮಸ್ಕಾರ.